ಹಾಸಿಗೆ ಹಿಡಿದವರ ಮಾತು ಮತ್ತು ಸಿ.ವಿ. ರಾಮನ್

ಮೇಖ್ರಿ ವೃತ್ತದಿಂದ ಯಶವಂತಪುರದತ್ತ ಹೊರಳುವ ರಸ್ತೆಗೆ ಸರ್ ಸಿ.ವಿ. ರಾಮನ್ ಅವರ ಹೆಸರಿದೆ. ಹೆಬ್ಬಾಳ, ಯಲಹಂಕಗಳಿಂದ ಬಳ್ಳಾರಿ ರಸ್ತೆಯಲ್ಲಿ ಹರಿದುಬರುವ ವಾಹನಗಳ ಗದ್ದಲಕ್ಕೆ ಕೂಗಳತೆಯಲ್ಲೇ ಅವರು ಕಟ್ಟಿದ ಸಂಶೋಧನಾ ಸಂಸ್ಥೆಯ ಆವರಣ, ಅಲ್ಲಿನ ಮರಗಳ ನೆರಳು. ಆರ್.ಟಿ. ನಗರದ ನಿವಾಸಿಯಾದ ನನಗೆ ಈ ದಾರಿಯಲ್ಲಿ ಓಡಾಡುವಾಗಲೆಲ್ಲ ನೊಬೆಲ್ ಪ್ರಶಸ್ತಿಗಿಂತ ಹೆಚ್ಚಾಗಿ ನೆನಪಾಗುವುದು ಆ ವಿಜ್ಞಾನಿಯ ಬದುಕಿನ ಕಡೆಯ ಮೂರು ವಾರಗಳು.

1970ರ ಅಕ್ಟೋಬರ್ 2ರಂದು ರಾಮನ್ ಅವರು ತಮ್ಮ ಸಂಸ್ಥೆಯಲ್ಲಿ ವಾಡಿಕೆಯಂತೆ ಗಾಂಧಿ ಸ್ಮಾರಕ ಉಪನ್ಯಾಸ ನೀಡಿದರು. ಆ ಸಲದ ವಿಷಯ ಕಿವಿ ಮತ್ತು ಶ್ರವಣ. ಅದೇ ತಿಂಗಳ ಕೊನೆಯಲ್ಲಿ ಪ್ರಯೋಗಾಲಯದಲ್ಲಿದ್ದಾಗಲೇ ಹೃದಯಾಘಾತವಾಗಿ ಕುಸಿದರು. ಆಸ್ಪತ್ರೆಯ ವೈದ್ಯರು ಹೆಚ್ಚೆಂದರೆ ನಾಲ್ಕು ಗಂಟೆ ಬದುಕಬಹುದೆಂದು ಹೇಳಿದರು. ನಾಲ್ಕು ಗಂಟೆ ಕಳೆಯಿತು, ನಾಲ್ಕು ದಿನವೂ ಕಳೆಯಿತು. ಆಗ ಅವರು ಆಸ್ಪತ್ರೆಯಲ್ಲಿ ಉಳಿಯಲೊಪ್ಪದೆ, ತಮ್ಮ ಸಂಸ್ಥೆಯ ಹೂಗಿಡಗಳ ನಡುವೆ ಇರಬೇಕೆಂದು ಕೇಳಿಕೊಂಡರು. ಅವರ ಮಾತು ನಡೆಯಿತು.

ಈ ಬದುಕಿನ ಎರಡು ತುದಿಗಳಲ್ಲೂ ಒಂದೊಂದು ವೈದ್ಯಕೀಯ ತೀರ್ಪು ಇರುವುದು ಗಮನಾರ್ಹ. 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ರಾಮನ್, ವಿಶಾಖಪಟ್ಟಣದಲ್ಲಿ ಬೆಳೆದು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. ಅಂದಿನ ಪ್ರತಿಭಾವಂತ ವಿದ್ಯಾರ್ಥಿಗಳಂತೆ ಇಂಗ್ಲೆಂಡಿಗೆ ಹೋಗುವ ಯೋಚನೆ ಅವರಿಗೂ ಇತ್ತು. ಆದರೆ ಕೃಶಕಾಯದ ಈ ಹುಡುಗನ ದೇಹ ಅಲ್ಲಿನ ಹವೆಯನ್ನು ತಾಳಲಾರದೆಂದು ಸರ್ಕಾರಿ ವೈದ್ಯರು ತೀರ್ಮಾನಿಸಿದರು. ರಾಮನ್ ಆ ಮಾತನ್ನು ಒಪ್ಪಿಕೊಂಡರು. ಹಣಕಾಸು ಇಲಾಖೆಯ ಪರೀಕ್ಷೆ ಬರೆದು, ಲೋಕಸುಂದರಿಯವರನ್ನು ಮದುವೆಯಾಗಿ, 1907ರಲ್ಲಿ ಕಲ್ಕತ್ತೆಗೆ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಹೋದರು.

ಆಗಿನ್ನೂ ಅವರಿಗೆ 18 ವರ್ಷ. ಹಗಲೆಲ್ಲ ಲೆಕ್ಕಪತ್ರ, ಬೆಳಗಿನ ಜಾವ ಮತ್ತು ಸಂಜೆ ಬೌಬಜಾರ್ ಬೀದಿಯ ಭಾರತೀಯ ವಿಜ್ಞಾನ ಪರಿಷತ್ತಿನಲ್ಲಿ ಪ್ರಯೋಗ. ಹತ್ತು ವರ್ಷ ಹೀಗೆಯೇ ನಡೆಯಿತು. 1917ರಲ್ಲಿ ಅಧಿಕಾರದ ಹುದ್ದೆಯನ್ನು ಬಿಟ್ಟು, ಕಡಿಮೆ ಸಂಬಳದ ಪ್ರಾಧ್ಯಾಪಕ ಪದವಿಯನ್ನು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಸ್ವೀಕರಿಸಿದರು. ಯಾವ ಇಂಗ್ಲೆಂಡಿನ ಹವೆ ಒಗ್ಗದೆಂದು ವೈದ್ಯರು ಹೇಳಿದ್ದರೋ ಅಲ್ಲಿಗೆ 1921ರಲ್ಲಿ ಹೋಗಿಬಂದರು. ಮರಳುವ ಹಡಗಿನಲ್ಲಿ ಕಂಡ ಸಮುದ್ರದ ನೀಲಿ ಅವರನ್ನು ಬೆಳಕಿನ ಚದುರುವಿಕೆಯ ಅಧ್ಯಯನಕ್ಕೆ ಹಚ್ಚಿತು. 1928ರ ಫೆಬ್ರುವರಿ 28ರ ಶೋಧ ಮತ್ತು 1930ರ ನೊಬೆಲ್ ಪ್ರಶಸ್ತಿಯ ಕತೆ ಶಾಲಾ ಮಕ್ಕಳಿಗೂ ಗೊತ್ತಿದೆ.

1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಆಡಳಿತದೊಂದಿಗಿನ ತಿಕ್ಕಾಟದಿಂದಾಗಿ 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತಾದರೂ 1948ರವರೆಗೆ ಪ್ರಾಧ್ಯಾಪಕರಾಗಿ ಅಲ್ಲೇ ಉಳಿದರು. ಅದೇ ವರ್ಷ, 60ರ ಅಂಚಿನಲ್ಲಿ, ಮೈಸೂರು ಸಂಸ್ಥಾನ ಕೊಟ್ಟ ಜಮೀನಿನಲ್ಲಿ ತಮ್ಮದೇ ಸಂಸ್ಥೆಯನ್ನು ಆರಂಭಿಸಿದರು. ಸರ್ಕಾರದ ಹಣದ ಹಂಗು ಬೇಡವೆಂದು ದೇಣಿಗೆ ಎತ್ತಿದರು. ಮರಗಳನ್ನು ನೆಟ್ಟರು, ಗುಲಾಬಿ ಬೆಳೆಸಿದರು, ವಜ್ರ ಮತ್ತು ಖನಿಜಗಳನ್ನು ಕೂಡಿಹಾಕಿದರು. ಹೂಗಳ ಬಣ್ಣ ಮತ್ತು ಮನುಷ್ಯನ ದೃಷ್ಟಿ ಅವರ ಇಳಿವಯಸ್ಸಿನ ಅಧ್ಯಯನದ ವಿಷಯಗಳಾದವು. ಹೀಗೆ ಅವರ ಪ್ರಯೋಗಾಲಯ, ತೋಟ, ಮನೆ ಎಲ್ಲವೂ ಒಂದೇ ಆಗಿದ್ದವು. ಆಸ್ಪತ್ರೆಯಿಂದ ಅವರು ಮರಳಲು ಬಯಸಿದ್ದು ಇಲ್ಲಿಗೆ.

82ನೆಯ ಹುಟ್ಟುಹಬ್ಬ ಕಾಯಿಲೆಯ ನಡುವೆಯೇ ಬಂದುಹೋಯಿತು. ಸಾಯುವುದಕ್ಕೆ ಎರಡು ದಿನ ಮೊದಲು, ತಾವು 1934ರಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ನಿಯತಕಾಲಿಕಗಳು ನಿಲ್ಲದಂತೆ ನೋಡಿಕೊಳ್ಳಬೇಕೆಂದು ಹಳೆಯ ಶಿಷ್ಯರೊಬ್ಬರಿಗೆ ಹೇಳಿದರು. ಸಂಸ್ಥೆಯ ಆಡಳಿತ ಮಂಡಳಿಯವರೊಂದಿಗೆ ಹಾಸಿಗೆಯಿಂದಲೇ ಚರ್ಚಿಸಿದರು. ವಿಧಿವಿಧಾನಗಳಿಲ್ಲದ ಸರಳ ದಹನ ಸಾಕೆಂದು ತಿಳಿಸಿದರು. ನವೆಂಬರ್ 21ರ ಬೆಳಗಿನ ಜಾವ ಪ್ರಾಣ ಹೋಯಿತು. ಚಿತೆ ಉರಿದದ್ದೂ ಆ ತೋಟದಲ್ಲೇ. ಆ ಜಾಗದಲ್ಲಿ ಒಂದು ಮರ ನೆಟ್ಟಿದ್ದಾರೆ.

ಮೊದಲ ತೀರ್ಪು ಬಂದಾಗ ರಾಮನ್ ಎದುರಾಡಲಾಗದ ಹುಡುಗ. ಎರಡನೆಯದು ಬರುವಷ್ಟರಲ್ಲಿ ತಮ್ಮ ದೇಹ ಎಲ್ಲಿರಬೇಕು, ಯಾರ ನಡುವೆ ಇರಬೇಕೆಂದು ಹೇಳಿ ನಡೆಸಬಲ್ಲ ಹಿರಿಯ. ಇದು ಅವರ ಗಟ್ಟಿ ಸ್ವಭಾವದ ಫಲವೆಂದಷ್ಟೇ ಹೇಳಿದರೆ ಅರ್ಧ ಸತ್ಯವಾದೀತು. ಅವರ ಬಳಿ ಸ್ವಂತದ ಜಾಗವಿತ್ತು, ಕರೆದರೆ ಬರುವ ಜನರಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, 63 ವರ್ಷ ಜೊತೆಗೆ ಬಾಳಿದ ಲೋಕಸುಂದರಿಯವರಿದ್ದರು. ತಾವೇ 70 ದಾಟಿದ್ದ ಆ ತಾಯಿಯ ಪಾಲಿನ ದುಡಿಮೆ ಚರಿತ್ರೆಯ ಪುಟಗಳಲ್ಲಿ ವಿವರವಾಗಿ ದಾಖಲಾಗುವಂಥದ್ದಲ್ಲ. ಮನೆಯ ಆರೈಕೆಯ ಕತೆ ಎಲ್ಲ ಕಡೆಯೂ ಹೀಗೆಯೇ: ಹಾಸಿಗೆಯ ಮೇಲಿದ್ದವರ ಹೆಸರು ಉಳಿಯುತ್ತದೆ, ಪಕ್ಕದಲ್ಲಿ ಎಚ್ಚರವಿದ್ದವರದು ಉಳಿಯುವುದಿಲ್ಲ.

ನಾನು ಈ ವಿಷಯಕ್ಕೆ ಬಂದದ್ದಕ್ಕೆ ಸ್ವಂತದ ಕಾರಣವೊಂದಿದೆ. 2022ರ ಅಕ್ಟೋಬರಿನಲ್ಲಿ ನನ್ನ ತಂದೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ತೊದಲಿತು. ಬುದ್ಧಿ ಮಾತ್ರ ತಿಳಿಯಾಗಿತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದು ಏಜೆನ್ಸಿಯೊಂದಕ್ಕೆ ಫೋನು ಮಾಡಿ ಹೋಂ ನರ್ಸ್ ಗೊತ್ತುಮಾಡಿದೆ. ಹಗಲಿಗೊಬ್ಬ, ರಾತ್ರಿಗೊಬ್ಬ. ಮೂರು ತಿಂಗಳಲ್ಲಿ ಐದು ಮುಖಗಳು ಬದಲಾದವು. ಪಾಳಿ ಮುಗಿಯುವುದರೊಳಗೆ ಕೆಲಸ ತೀರಬೇಕೆಂದು ರಾತ್ರಿಯವನು ಬೆಳಗಿನ ಆರಕ್ಕೇ ಸ್ನಾನ ಮಾಡಿಸುತ್ತಿದ್ದ. ಜೀವಮಾನವಿಡೀ ಕಾಫಿ ಕುಡಿದು, ಪತ್ರಿಕೆ ಓದಿ, ಹತ್ತು ಗಂಟೆಗೆ ಸ್ನಾನಕ್ಕೆ ಹೋಗುತ್ತಿದ್ದವರು ಅವರು. ಅವರ ಮುಖ ಸಿಡುಕುವುದನ್ನು ನಾನು ಕಾಯಿಲೆಯ ಲಕ್ಷಣವೆಂದುಕೊಂಡೆ. ಔಷಧ, ಊಟ, ಮಂಚದ ದಿಕ್ಕು, ನೋಡಬರುವವರ ಸಮಯ, ಎಲ್ಲವನ್ನೂ ನಾನೇ ನಿರ್ಧರಿಸಿದೆ. ಅದನ್ನು ಸೇವೆಯೆಂದೇ ನಂಬಿದ್ದೆ.

2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೂ ಅಂಗವಿಕಲರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ಸಿಕ್ಕಿತು. 12ಡಿ ನಮೂನೆ ತುಂಬಿಕೊಟ್ಟಿದ್ದೆ. ಸಿಬ್ಬಂದಿ ಮನೆಗೆ ಬಂದರು. ಬಂದವರು ನನ್ನನ್ನು ಬಿಟ್ಟು ನೇರವಾಗಿ ತಂದೆಯವರನ್ನೇ ಮಾತನಾಡಿಸಿದರು, ಉತ್ತರ ಬರುವವರೆಗೆ ಕಾದರು. ತಂದೆ ಎಡಗೈಯಿಂದ ಸನ್ನೆ ಮಾಡಿ ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದರು. ಬಾಗಿಲಾಚೆ ನಿಂತ ಆ ಹತ್ತು ನಿಮಿಷ ನನಗೆ ನಾಚಿಕೆ ಕಲಿಸಿತು. ರಾಜ್ಯವನ್ನು ಯಾರು ಆಳಬೇಕೆಂದು ಸರ್ಕಾರವೇ ಮನೆಗೆ ಬಂದು ಕೇಳಿದ ಈ ಮನುಷ್ಯನನ್ನು, ಸ್ನಾನ ಎಷ್ಟು ಹೊತ್ತಿಗೆಂದು ಮಗ ಏಳು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಅಂದು ಸಂಜೆ ಸ್ಲೇಟು ಕೊಟ್ಟೆ. ಎಡಗೈಯಲ್ಲಿ ವಕ್ರವಾಗಿ ಬರೆದದ್ದು ನಾಲ್ಕೇ ಸಂಗತಿ. ಸ್ನಾನ ಹತ್ತಕ್ಕೆ. ಮಂಚ ಬೀದಿ ಕಾಣುವ ಕಿಟಕಿಯ ಬಳಿಗೆ. ರಾತ್ರಿಯವನು ಬೇಡ, ಕರೆಗಂಟೆ ಸಾಕು. ಹಗಲಿಗೆ ಬರುವ ರಾಯಚೂರು ಕಡೆಯ ಹುಡುಗನೇ ಇರಲಿ, ಉಳಿದ ಹಣದಲ್ಲಿ ಅವನ ಸಂಬಳ ಹೆಚ್ಚಲಿ. ಮರುದಿನದಿಂದ ಆ ಹುಡುಗ ಕೆಲಸ ಕೇಳುತ್ತಿದ್ದದ್ದು ತಂದೆಯವರನ್ನೇ. ಸಂಬಳದ ಕವರನ್ನು ಕೊಡುತ್ತಿದ್ದವರೂ ಅವರೇ.

ಇಲ್ಲಿ ರಾಮನ್ ಅವರ ವಿಷಯದಲ್ಲೂ ಒಂದು ಮಾತು ಹೇಳಬೇಕು. ಪೂರ್ಣ ಚಟುವಟಿಕೆಯ, ನೂರಕ್ಕೆ ನೂರು ಉಪಯುಕ್ತವಾದ ಬದುಕು ಸಾಧ್ಯವಿಲ್ಲದಿದ್ದರೆ ಬದುಕುವುದೇ ಬೇಡವೆಂಬುದು ಅವರ ನಿಲುವಾಗಿತ್ತೆಂದು ಹತ್ತಿರದವರು ದಾಖಲಿಸಿದ್ದಾರೆ. ಆ ನಿಲುವು ಅವರ ಸ್ವಂತದ್ದು, ಎಲ್ಲರಿಗೂ ಅಳತೆಗೋಲಾಗಬೇಕಿಲ್ಲ. ಅದೇ ಕಾಲದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಎಂಬ ಯುವಕ ಇದಕ್ಕೆ ವಿರುದ್ಧವಾದುದನ್ನು ಬದುಕಿ ತೋರಿಸುತ್ತಿದ್ದ. 14ನೆಯ ವಯಸ್ಸಿನಲ್ಲಿ ಪೋಲಿಯೊದಿಂದ ಕತ್ತಿನ ಕೆಳಗೆ ಚಲನೆ ಕಳೆದುಕೊಂಡು, ಉಸಿರಾಟದ ಯಂತ್ರವನ್ನು ಆಶ್ರಯಿಸಿದ್ದ ಆತ ವಿಶ್ವವಿದ್ಯಾಲಯಕ್ಕೆ ಸೇರಿದ, 1972ರಲ್ಲಿ ಸ್ವತಂತ್ರ ಜೀವನ ಕೇಂದ್ರವೊಂದನ್ನು ಗೆಳೆಯರೊಂದಿಗೆ ಕಟ್ಟಿದ, 1975ರಲ್ಲಿ ಕ್ಯಾಲಿಫೋರ್ನಿಯದ ಪುನರ್ವಸತಿ ಇಲಾಖೆಯ ಮುಖ್ಯಸ್ಥನೂ ಆದ. ಎಲ್ಲವನ್ನೂ ತಾನೇ ಮಾಡಿಕೊಳ್ಳುವುದಲ್ಲ, ತನಗೆ ಬೇಕಾದ ನೆರವನ್ನು ತಾನೇ ಗೊತ್ತುಮಾಡಿ ನಡೆಸುವುದು ಸ್ವಾತಂತ್ರ್ಯ ಎಂಬುದು ಆ ಚಳವಳಿಯ ತಿರುಳು. ಕ್ಯಾಲಿಫೋರ್ನಿಯದಲ್ಲಿ ಇಂದಿಗೂ ಬಡ ವೃದ್ಧರು ಮತ್ತು ಅಂಗವಿಕಲರ ಮನೆಯ ಆರೈಕೆಗೆ ಸರ್ಕಾರ ಹಣ ಕೊಡುತ್ತದೆ. ಆರೈಕೆ ಮಾಡುವವರನ್ನು ಆರಿಸುವ, ಬದಲಿಸುವ ಅಧಿಕಾರ ಆರೈಕೆ ಪಡೆಯುವವರದೇ.

ನಮ್ಮಲ್ಲಿ ಕಾನೂನಿನ ಮಾತು ಚೆನ್ನಾಗಿಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಕಲಮು ಸಮುದಾಯದ ನಡುವೆ ಬದುಕುವ ಹಕ್ಕನ್ನೂ, ಮನೆಯಲ್ಲಿ ವೈಯಕ್ತಿಕ ನೆರವು ಪಡೆಯುವ ಅವಕಾಶವನ್ನೂ ಹೇಳುತ್ತದೆ. ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯಮಾಡಿ 2023ರಲ್ಲಿ ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶ ಹೊರಡಿಸಿತು. 2024ರಲ್ಲಿ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಯೋಜನೆಯನ್ನು ವಿಸ್ತರಿಸಲಾಯಿತು. ಆದರೆ ಆ 5 ಲಕ್ಷ ರೂಪಾಯಿಯ ರಕ್ಷಣೆ ಆಸ್ಪತ್ರೆಯ ಹಾಸಿಗೆಗೆ. ಮನೆಯಲ್ಲಿ ತಿಂಗಳುಗಟ್ಟಲೆ ಮೈ ಒರೆಸಿ, ಮಗ್ಗುಲು ಬದಲಿಸುವವರ ಸಂಬಳಕ್ಕೆ ಅದರಲ್ಲಿ ಜಾಗವಿಲ್ಲ. ಸಾವಿನ ಬಗ್ಗೆ ನಮ್ಮ ಇಚ್ಛೆಯನ್ನು ದಾಖಲಿಸಲು ಕಾಗದವಿದೆ. ಸಾವಿಗೆ ಮುಂಚಿನ ಸಾವಿರ ದಿನಗಳ ಬಗ್ಗೆ ಕೇಳುವ ಕಾಗದವಿಲ್ಲ.

ಇದಕ್ಕೆ ಸರ್ಕಾರ ಮಾಡಬಹುದಾದದ್ದಿದೆ. ಮನೆಯ ಆರೈಕೆಗೆ ನೆರವು ಕೊಡುವುದು, ಏಜೆನ್ಸಿಗಳಿಗೆ ನೋಂದಣಿ ಮತ್ತು ನಿಯಮ ತರುವುದು, ಹೋಂ ನರ್ಸ್‌ಗಳಿಗೆ ತರಬೇತಿ, ವಾರದ ರಜೆ, ನ್ಯಾಯವಾದ ಸಂಬಳ ಖಾತರಿಪಡಿಸುವುದು. ದಣಿದ, ದಿಕ್ಕಿಲ್ಲದ ಕೈಗಳಿಂದ ಒಳ್ಳೆಯ ಆರೈಕೆ ಬಾರದು. ಆದರೆ ಇವೆಲ್ಲ ಬರುವವರೆಗೂ ಕಾಯಬೇಕಿಲ್ಲದ ಒಂದು ಕೆಲಸ ಮನೆಯವರಾದ ನಮ್ಮ ಕೈಯಲ್ಲಿದೆ. ಹಾಸಿಗೆಯ ಮೇಲಿರುವವರನ್ನು ಕೇಳುವುದು, ಉತ್ತರ ಬರುವವರೆಗೆ ಕಾಯುವುದು.

ರಾಮನ್ ಅವರಿಗೆ ಅವರ ತೋಟ ದೊರೆಯಿತು. ನನ್ನ ತಂದೆ 2024ರ ಫೆಬ್ರುವರಿಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ತೀರಿಕೊಂಡರು. ಹತ್ತು ಗಂಟೆಯ ಸ್ನಾನ ಅವರಿಗೆ ದಕ್ಕಿದ್ದು 9 ತಿಂಗಳು. ಮೊದಲ ದಿನವೇ ಕೇಳಿದ್ದರೆ 16 ತಿಂಗಳೂ ದಕ್ಕುತ್ತಿತ್ತು.