ಹತ್ತು ಗಂಟೆಗಳ ಅಮೆರಿಕ

ನಿರ್ಜನವಾದ ಕಡಲತೀರದ ಮೃಗಪಕ್ಷಿಗಳನ್ನು ನೋಡಲು ಹೊರಡುವವನು ಮೊದಲು ಲೆಕ್ಕ ಹಾಕುತ್ತಾನೆ: ಯಾವ ತಿಂಗಳು ಒಳ್ಳೆಯದು, ಎಷ್ಟು ದಿನ ತಂಗಬೇಕು, ಗಂಟುಮೂಟೆಯಲ್ಲಿ ಏನೇನಿರಬೇಕು. ಈ ಲೆಕ್ಕ ಬೇಕಾದದ್ದೇ. ಆದರೆ ಲೆಕ್ಕವೆಲ್ಲ ತಲೆಕೆಳಗಾದ ಮೇಲೂ ಯಾತ್ರಿಕನ ಬಳಿ ಉಳಿಯುವ ಸಿದ್ಧತೆ ಒಂದುಂಟು. ಗೆಯೋರ್ಗ್ ವಿಲ್‌ಹೆಲ್ಮ್ ಸ್ಟೆಲ್ಲರನ ಅಲ್ಪಾಯುಷ್ಯದ ಬಾಳು ಅದಕ್ಕೆ ಸಾಕ್ಷಿ.

ಸ್ಟೆಲ್ಲರ್ ಹುಟ್ಟಿದ್ದು 1709ರಲ್ಲಿ, ಜರ್ಮನಿಯ ವಿಂಡ್ಸ್‌ಹೈಮ್ ಎಂಬ ಊರಿನಲ್ಲಿ. ಧರ್ಮಶಾಸ್ತ್ರದ ವಿದ್ಯಾರ್ಥಿಯಾಗಿದ್ದವನ ಮನಸ್ಸು ವೈದ್ಯದತ್ತ, ಸಸ್ಯಶಾಸ್ತ್ರದತ್ತ ಹೊರಳಿತು. 1734ರಲ್ಲಿ ಆತ ರಷ್ಯಾ ಸೇರಿದ. ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿ ಅವನನ್ನು ವಿಟಸ್ ಬೇರಿಂಗನ ಮಹಾ ಅನ್ವೇಷಣ ಯಾತ್ರೆಗೆ ನೇಮಿಸಿತು. 1738ರಲ್ಲಿ ಆತ ಹೊರಟಾಗ, ಆಗತಾನೆ ಕೈಹಿಡಿದಿದ್ದ ಮಡದಿ ಮಾಸ್ಕೋದಿಂದ ಮುಂದೆ ಬರಲೊಪ್ಪಲಿಲ್ಲ. ಸ್ಟೆಲ್ಲರ್ ಒಂಟಿಯಾಗಿಯೇ ಸೈಬೀರಿಯವನ್ನು ದಾಟಿದ. ಅಲ್ಲಿದ್ದ ಹಿರಿಯ ವಿದ್ವಾಂಸರು ಬಂಡಿಗಟ್ಟಲೆ ಸರಂಜಾಮಿನೊಡನೆ ಸಂಚರಿಸುತ್ತಿದ್ದರು. ಇವನಿಗೋ ಕುಡಿಯುವುದಕ್ಕೆಲ್ಲ ಒಂದೇ ಬಟ್ಟಲು, ಉಣ್ಣಲು ಒಂದೇ ತಟ್ಟೆ, ಅಡುಗೆಯೂ ಸ್ವಂತದ್ದೇ. ಹೊರೆಯನ್ನೆಲ್ಲ ಆತ ನೆನಪಿನಲ್ಲಿ ಹೊತ್ತಿದ್ದ.

1741ರ ಜೂನ್ ತಿಂಗಳಲ್ಲಿ ಬೇರಿಂಗನ ಹಡಗು ಕಮ್ಚಟ್ಕದಿಂದ ಪೂರ್ವಕ್ಕೆ ಹೊರಟಿತು. ತೇಲಿಬರುವ ಕಡಲಪಾಚಿಯನ್ನು ನೋಡಿ ನೆಲ ಹತ್ತಿರವಿದೆಯೆಂದು ಸ್ಟೆಲ್ಲರ್ ಹೇಳಿದಾಗ ನಾವಿಕರು ಅವನನ್ನು ಲಕ್ಷಿಸಲಿಲ್ಲ. ಜುಲೈ ತಿಂಗಳಲ್ಲಿ ಅಲಾಸ್ಕದ ಹಿಮಗಿರಿಗಳು ಕಂಡವು. ಅಂದಿನ ರಷ್ಯನ್ ಪಂಚಾಂಗದಂತೆ ಜುಲೈ 20ರಂದು ಕಯಾಕ್ ದ್ವೀಪದ ಬಳಿ ಹಡಗು ನಿಂತಿತು. ಬೇರಿಂಗನಿಗೆ ಬೇಕಾಗಿದ್ದುದು ಕುಡಿಯುವ ನೀರು ಮಾತ್ರ. ಹಟ ಹಿಡಿದು ದಡಕ್ಕಿಳಿದ ಸ್ಟೆಲ್ಲರನಿಗೆ ದೊರೆತ ನೆರವು ಒಬ್ಬ ಕೊಸಾಕ್. ದೊರೆತ ಸಮಯ ಸುಮಾರು ಹತ್ತು ಗಂಟೆ. 1733ರಿಂದ ನಡೆದುಬಂದ ಯಾತ್ರೆಯ ಫಲ ಇಷ್ಟೇ!

ಆದರೆ ಆ ಹತ್ತು ಗಂಟೆಗಳನ್ನು ಆತ ಹೇಗೆ ಬಳಸಿದ! ಗಿಡಮೂಲಿಕೆಗಳನ್ನು ಆಯ್ದು ಪಟ್ಟಿಮಾಡಿದ. ಮರೆಯಲ್ಲಿದ್ದ ಜನರ ಒಲೆಯನ್ನೂ ಹೊಗೆಯಲ್ಲಿ ಒಣಗಿಸಿದ ಮೀನು ತುಂಬಿದ್ದ ನೆಲಮನೆಯನ್ನೂ ಕಂಡ. ಕೊಸಾಕ್ ತಂದುಕೊಟ್ಟ ನೀಲಿ ಬಣ್ಣದ ಜುಟ್ಟಿನ ಹಕ್ಕಿಯನ್ನು ನೋಡಿದೊಡನೆ, ಅಮೆರಿಕದ ಪಕ್ಷಿಗಳನ್ನು ಕುರಿತ ಗ್ರಂಥವೊಂದರಲ್ಲಿ ಹಿಂದೆ ಕಂಡಿದ್ದ ವರ್ಣಚಿತ್ರ ಅವನ ಕಣ್ಣಮುಂದೆ ಬಂದಿತು. ತಾವು ನಿಂತಿರುವುದು ಅಮೆರಿಕದಲ್ಲೇ ಎಂದು ಆತ ನಿಶ್ಚಯಿಸಿದ. ನಾವಿಕರ ನಕ್ಷೆ ಹೇಳಲಾರದ್ದನ್ನು ಒಂದು ಹಕ್ಕಿ ಹೇಳಿತು.

ಹಿಂದಿರುಗುವ ದಾರಿಯಲ್ಲಿ ಸ್ಕರ್ವಿ ರೋಗ ಹಡಗನ್ನು ಕಾಡಿತು. ಸೊಪ್ಪುಸದೆಗಳನ್ನು ಕೂಡಿಹಾಕಲು ಸ್ಟೆಲ್ಲರ್ ಕೇಳಿದ ನೆರವನ್ನು ಅಧಿಕಾರಿಗಳು ಕೊಡಲಿಲ್ಲ. ನವೆಂಬರಿನಲ್ಲಿ ಹಡಗು ಜನರಿಲ್ಲದ ದ್ವೀಪವೊಂದನ್ನು ಸೇರಿ ಒಡೆಯಿತು. ಡಿಸೆಂಬರಿನಲ್ಲಿ ಬೇರಿಂಗ್ ಅಲ್ಲಿಯೇ ತೀರಿಕೊಂಡ. ದ್ವೀಪಕ್ಕೆ ಅವನ ಹೆಸರೇ ನಿಂತಿತು. ಉಳಿದ 46 ಮಂದಿ ಚಳಿಗಾಲವನ್ನು ನೆಲಗುಳಿಗಳಲ್ಲಿ ಕಳೆದರು.

ಆ ತೀರದಲ್ಲಿ ಸ್ಟೆಲ್ಲರ್ ಕಂಡದ್ದು ಕಡಲಹಸುವನ್ನು. ಸುಮಾರು 8 ಮೀಟರ್ ಉದ್ದದ, ಹಲ್ಲಿಲ್ಲದ, ಪಾಚಿಯನ್ನು ಮೇಯುತ್ತ ದಡದ ಬಳಿಯೇ ತಿರುಗುತ್ತಿದ್ದ ಸಾಧುಪ್ರಾಣಿ ಅದು. ಹಸಿದವರು ಅದನ್ನು ಕೊಂದು ತಿಂದು ಬದುಕಿದರು, ಸ್ಟೆಲ್ಲರನೂ ತಿಂದ. ಆದರೆ ತಿನ್ನುವ ಮೊದಲು ಅಳೆದ, ಅಂಗಾಂಗಗಳನ್ನು ಬಿಡಿಸಿ ನೋಡಿ ಬರೆದ. ಹೆಣ್ಣನ್ನು ದಡಕ್ಕೆಳೆದಾಗ ಗಂಡು ಬೆನ್ನಟ್ಟಿ ಬಂದುದನ್ನೂ, ಅದು ಸತ್ತ ಮೇಲೂ ಅದೇ ಜಾಗಕ್ಕೆ ಮರಳಿ ಬಂದುದನ್ನೂ ದಾಖಲಿಸಿದ. ಆ ಪ್ರಾಣಿಯನ್ನು ಜೀವಂತವಾಗಿ ಕಂಡ ಪ್ರಕೃತಿವಿಜ್ಞಾನಿ ಅವನೊಬ್ಬನೇ.

ಒಡೆದ ಹಡಗಿನ ಹಲಗೆಗಳಿಂದ ಕಟ್ಟಿದ ಸಣ್ಣ ನಾವೆಯಲ್ಲಿ 1742ರ ಆಗಸ್ಟಿನಲ್ಲಿ ಅವರು ಕಮ್ಚಟ್ಕಕ್ಕೆ ಮರಳಿದರು. ಅಸ್ಥಿಪಂಜರಗಳಿಗೆ ಅದರಲ್ಲಿ ಎಡೆಯಿರಲಿಲ್ಲ. ಬೆಲೆಬಾಳುವ ಕಡಲ ನೀರುನಾಯಿಯ ತುಪ್ಪಳಗಳಿಗೆ ಇತ್ತು. ಆ ತುಪ್ಪಳಗಳನ್ನು ಕಂಡ ಬೇಟೆಗಾರರು ದ್ವೀಪಗಳತ್ತ ಮುಗಿಬಿದ್ದರು, ಕಡಲಹಸುವನ್ನು ದಾರಿಯ ಬುತ್ತಿ ಮಾಡಿಕೊಂಡರು. 1768ರ ಹೊತ್ತಿಗೆ ಅದರ ವಂಶವೇ ಅಳಿಯಿತು. ವಿದ್ಯಾವಂತ ಲೋಕ ಕಂಡು 27 ವರ್ಷಗಳಲ್ಲಿ ಒಂದು ಜೀವಜಾತಿ ಇಲ್ಲವಾಯಿತು.

ಆ ಸುದ್ದಿಯನ್ನು ಕೇಳಲು ಸ್ಟೆಲ್ಲರ್ ಉಳಿದಿರಲಿಲ್ಲ. ಸೆರೆಯಲ್ಲಿದ್ದ ಕಮ್ಚಟ್ಕದ ನಿವಾಸಿಗಳನ್ನು ಬಿಡಿಸಿದನೆಂಬ ಆಪಾದನೆ ಹೊತ್ತು, ಅದರಿಂದ ಬಿಡುಗಡೆ ಪಡೆದು ಊರಿನತ್ತ ಹೊರಟಿದ್ದಾಗ, 1746ರ ನವೆಂಬರಿನಲ್ಲಿ ಸೈಬೀರಿಯದ ತ್ಯುಮೆನ್ ಪಟ್ಟಣದಲ್ಲಿ ಜ್ವರದಿಂದ ಮಡಿದ. ವಯಸ್ಸು 37. ಕಡಲ ಮೃಗಗಳನ್ನು ಕುರಿತ ಅವನ ಲ್ಯಾಟಿನ್ ಗ್ರಂಥ ಅಚ್ಚಾದುದು 1751ರಲ್ಲಿ.

ಇಂದು ಅಲಾಸ್ಕದ ತೀರಕ್ಕೆ ಹೋದವರಿಗೆ ಆ ನೀಲಿಹಕ್ಕಿ ಕಾಣುತ್ತದೆ, ಬಂಡೆಗಳ ಮೇಲೆ ಕಡಲಸಿಂಹ ಕಾಣುತ್ತದೆ. ಎರಡಕ್ಕೂ ಸ್ಟೆಲ್ಲರನ ಹೆಸರಿದೆ. ಅದೇ ಹೆಸರಿನ ಕಡಲಹಸು ಮಾತ್ರ ವಸ್ತುಸಂಗ್ರಹಾಲಯದ ಎಲುಬುಗಳಲ್ಲಿ, ಅವನ ಪುಟಗಳಲ್ಲಿ ಉಳಿದಿದೆ. ನೋಡುವ ಕಣ್ಣನ್ನು ಹೇಗೆ ಅಣಿಗೊಳಿಸಬೇಕೆಂಬುದನ್ನು ಯಾತ್ರಿಕನು ಸ್ಟೆಲ್ಲರನಿಂದ ಕಲಿಯಬಹುದು. ತನ್ನ ಹೆಜ್ಜೆಯ ಹಿಂದೆ ಯಾರು ಬಂದಾರು ಎಂಬ ಎಚ್ಚರವನ್ನು ಕಲಿಸುವುದು ಮಾತ್ರ ಬರಿದಾದ ಆ ಕಡಲು.