ಕೆಆರ್‌ಎಸ್ ಅಷ್ಟೇ ಅಲ್ಲ, ಸ್ಕೂಲುಗಳನ್ನೂ ಕಟ್ಟಿಸಿದ್ರು ನಮ್ಮ ಮುದ್ದೇನಹಳ್ಳಿಯ ಸರ್ ಎಂವಿ

ಚಿಕ್ಕಬಳ್ಳಾಪುರ: ಸೆಪ್ಟೆಂಬರ್ 15 ಬಂತು ಅಂದ್ರೆ ಮುದ್ದೇನಹಳ್ಳಿಯ ಸಮಾಧಿಗೆ ಹಾರಗಳು ಬೀಳುತ್ತವೆ. ಭಾಷಣಗಳಲ್ಲಿ ಕೆಆರ್‌ಎಸ್ ಬರುತ್ತೆ, ಭದ್ರಾವತಿ ಬರುತ್ತೆ, ಹೈದರಾಬಾದಿನ ಮೂಸಿ ನದಿಯ ಪ್ರವಾಹವೂ ಬರುತ್ತೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆರು ವರ್ಷಗಳಲ್ಲಿ ತೆರೆದ ಸ್ಕೂಲುಗಳ ವಿಷಯ ಮಾತ್ರ ಅಷ್ಟಾಗಿ ಯಾರೂ ಎತ್ತಲ್ಲ.

ಅವರು ಓದಿದ್ದೇ ಕಷ್ಟಪಟ್ಟು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶುರುವಾದ ಓದು ಬೆಂಗಳೂರಿಗೆ ಹೋಯ್ತು. ಅಲ್ಲಿ ಬೇರೆಯವರ ಮನೆ ಮಕ್ಕಳಿಗೆ ಪಾಠ ಹೇಳಿಕೊಟ್ಟುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಎಂಜಿನಿಯರಿಂಗ್ ಓದೋಕೆ ಪುಣೆಗೆ ಹೋಗಿದ್ದು ಮೈಸೂರು ಸರ್ಕಾರದ ಸ್ಕಾಲರ್‌ಶಿಪ್‌ನಿಂದ. ಆ ದುಡ್ಡು ಸಿಗದಿದ್ದರೆ ಕಥೆ ಬೇರೆಯೇ ಆಗ್ತಿತ್ತೇನೋ. 1884ರಲ್ಲಿ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು.

1898ರಲ್ಲಿ ಜಪಾನಿಗೆ ಹೋಗಿಬಂದರು. ಅಲ್ಲಿ ಕಾರ್ಖಾನೆಗಳನ್ನ ಕಂಡರು, ಅದರ ಜೊತೆಗೇ ಹಳ್ಳಿ ಮಕ್ಕಳೂ ಕಡ್ಡಾಯವಾಗಿ ಶಾಲೆಗೆ ಹೋಗೋದನ್ನ ಕಂಡರು. ಒಂದಿಲ್ಲದೆ ಇನ್ನೊಂದು ಆಗಲ್ಲ ಅನ್ನೋದು ಅವರ ತಲೆಯಲ್ಲಿ ಕೂತುಬಿಟ್ಟಿತು. ಆಗ ಮೈಸೂರು ಸಂಸ್ಥಾನದಲ್ಲಿ ಓದು ಬರಹ ಬಲ್ಲವರು ತೀರಾ ಕಡಿಮೆ ಜನ ಅಷ್ಟೇ. ಯಂತ್ರ ತರಿಸಬಹುದು, ಅದನ್ನ ನಡೆಸೋರು ಎಲ್ಲಿಂದ ಬರಬೇಕು?

ಅದಕ್ಕೇ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಶುರುವಾದಾಗ ಕೃಷಿ, ಕೈಗಾರಿಕೆಯ ಸಮಿತಿಗಳ ಜೊತೆ ಶಿಕ್ಷಣಕ್ಕೂ ಒಂದು ಸಮಿತಿ ಇತ್ತು. ಮರುವರ್ಷ ದಿವಾನರಾದರು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು, ಆಯ್ದ ಜಾಗಗಳಲ್ಲಿ ಮೊದಲು ಜಾರಿ ಮಾಡಿದರು. ದನ ಕಾಯೋ ಹುಡುಗನನ್ನ ಸ್ಕೂಲಿಗೆ ಕಳಿಸಿ ಅಂದ್ರೆ ಮನೆಯವರಿಗೆ ಕೈಯಾಳು ಕಳೆದುಕೊಂಡ ಹಾಗೆ, ಸುಲಭದ ಕೆಲಸ ಅಲ್ಲ. ಆದ್ರೂ ಸುಮಾರು 4,500 ಇದ್ದ ಶಾಲೆಗಳು ಅವರ ಅವಧಿಯಲ್ಲಿ 10 ಸಾವಿರ ದಾಟಿದವು. ಹೆಬ್ಬಾಳದಲ್ಲಿ ಕೃಷಿ ಶಾಲೆ ಬಂತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು, ಅಲ್ಲಿವರೆಗೂ ಇಲ್ಲಿನ ಕಾಲೇಜುಗಳಿಗೆ ಮದ್ರಾಸ್ ವಿಶ್ವವಿದ್ಯಾಲಯವೇ ಗತಿ. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯ್ತು. ತಾವು ಪುಣೆಗೆ ಹೋಗಿ ಓದಿದ್ದು ಇನ್ನು ಇಲ್ಲೇ ಸಿಗುವ ಹಾಗಾಯ್ತು.

ಹಾರ ಹಾಕುವ ದಿನ ಯಾರೂ ಹೇಳದ ಇನ್ನೊಂದು ವಿಷಯವೂ ಇದೆ. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ತುಂಬಿದ್ದ ಕಾಲ ಅದು. ಉಳಿದವರಿಗೂ ಪಾಲು ಸಿಗಬೇಕು ಅನ್ನೋ ಕೂಗಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಕಿವಿಗೊಟ್ಟು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಆಗಲಿಲ್ಲ. ಓದು ಎಲ್ಲರಿಗೂ ಸಿಗಲಿ, ಕೆಲಸ ಮಾತ್ರ ಅರ್ಹತೆ ಮೇಲೇ ಸಿಗಲಿ ಅನ್ನೋದು ಅವರ ನಿಲುವು. ಆದ್ರೆ ಮಗ ಆಗಷ್ಟೇ ಒಂದನೇ ಕ್ಲಾಸಿಗೆ ಸೇರಿದ ಮನೆಯವರು ಕಚೇರಿ ಮೆಟ್ಟಿಲು ಹತ್ತೋಕೆ ಇನ್ನೂ ಹದಿನೈದು ವರ್ಷ ಕಾಯಬೇಕಿತ್ತು. ಈ ಒಂದು ವಿಷಯದಲ್ಲಿ ಮಹಾರಾಜರ ಲೆಕ್ಕವೇ ಸರಿಯಿತ್ತು ಅನ್ಸುತ್ತೆ. ಅದೇ ವರ್ಷದ ಕೊನೆಗೆ ಸರ್ ಎಂವಿ ದಿವಾನಗಿರಿ ಬಿಟ್ಟರು.

ಓದಿಸುವ ಹಟ ಮಾತ್ರ ಬಿಡಲಿಲ್ಲ. ಮುಂದೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತಾಗ ತಮಗೆ ಬರಬೇಕಿದ್ದ ಸಂಭಾವನೆಯನ್ನ ಹುಡುಗರಿಗೆ ಕೈಕೆಲಸ ಕಲಿಸುವ ಸಂಸ್ಥೆಗೆ ಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಅದು ಶುರುವಾಯ್ತು. ತಮ್ಮ ಹೆಸರು ಬೇಡ ಅಂತ ಮಹಾರಾಜ ಜಯಚಾಮರಾಜೇಂದ್ರರ ಹೆಸರು ಇಡಿಸಿದರು. ಈಗ ಎಲ್ಲರೂ ಎಸ್‌ಜೆಪಿ ಅನ್ನೋ ಪಾಲಿಟೆಕ್ನಿಕ್ ಅದೇ. ಅಲ್ಲೇ ಹತ್ತಿರ, ಕೆ.ಆರ್. ಸರ್ಕಲ್‌ನಲ್ಲಿ 1917ರ ಆ ಎಂಜಿನಿಯರಿಂಗ್ ಕಾಲೇಜಿದೆ. ಅದಕ್ಕೆ ಈಗ ಅವರದ್ದೇ ಹೆಸರು.

1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ಅಂತ್ಯಕ್ರಿಯೆ ನಡೆದಿದ್ದು ಮುದ್ದೇನಹಳ್ಳಿಯಲ್ಲೇ.