ವಿಲಿಯಂ ಬೀಬಿ

ವಿಲಿಯಂ ಬೀಬಿ (29 ಜುಲೈ 1877 – 4 ಜೂನ್ 1962) ಅಮೆರಿಕದ ಪಕ್ಷಿವಿಜ್ಞಾನಿ, ಅನ್ವೇಷಕ ಹಾಗೂ ಲೇಖಕ. ಉಕ್ಕಿನ ಗೋಳವೊಂದರಲ್ಲಿ ಕುಳಿತು ಕಡಲಿನಲ್ಲಿ ಮೂರು ಸಾವಿರ ಅಡಿಗೂ ಹೆಚ್ಚು ಆಳಕ್ಕೆ ಇಳಿದ ಸಾಹಸದಿಂದ ಇವರು ಜಗತ್ಪ್ರಸಿದ್ಧರಾದರು. ಹಕ್ಕಿಗಳ ಪೂರ್ವಜರಿಗೆ ನಾಲ್ಕು ರೆಕ್ಕೆಗಳಿದ್ದವು ಎಂದು 1915ರಲ್ಲಿ ಇವರು ಮಂಡಿಸಿದ ಊಹೆ ಮಾತ್ರ ಬಹುಕಾಲ ಮೂಲೆಗೆ ಬಿದ್ದಿತ್ತು. 2003ರಲ್ಲಿ ಚೀನಾದ ಪಳೆಯುಳಿಕೆಯೊಂದು ಪ್ರಕಟವಾದ ಮೇಲೆ ಅದು ಮತ್ತೆ ಚರ್ಚೆಗೆ ಬಂದಿತು.

ಬಾಲ್ಯ ಮತ್ತು ಶಿಕ್ಷಣ

ಬೀಬಿಯವರು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜನಿಸಿದರು. ಬೆಳೆದದ್ದು ನ್ಯೂಜೆರ್ಸಿಯ ಈಸ್ಟ್ ಆರೆಂಜ್‌ನಲ್ಲಿ. 1896ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿ, ಪ್ರಾಗ್ಜೀವಿ ವಿಜ್ಞಾನಿ ಹೆನ್ರಿ ಫೇರ್‌ಫೀಲ್ಡ್ ಆಸ್ಬರ್ನ್ ಅವರ ಶಿಷ್ಯರಾದರು. 1899ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಪಕ್ಷಿವಿಭಾಗದಲ್ಲಿ ಕೆಲಸ ದೊರೆತಾಗ ಪದವಿಯನ್ನು ಪೂರೈಸದೆಯೇ ಹೊರಬಂದರು. ಇವರಿಗೆ ಲಭಿಸಿದ ಡಾಕ್ಟರೇಟುಗಳು 1928ರಲ್ಲಿ ಟಫ್ಟ್ಸ್ ಮತ್ತು ಕೋಲ್ಗೇಟ್ ಸಂಸ್ಥೆಗಳಿತ್ತ ಗೌರವ ಪದವಿಗಳು ಮಾತ್ರ. ವಿದ್ವಾಂಸರಲ್ಲಿ ಕೆಲವರು ಇವರನ್ನು ವಿಜ್ಞಾನಿಗಿಂತ ಹೆಚ್ಚಾಗಿ ಜನಪ್ರಿಯ ಲೇಖಕರೆಂದೇ ಎಣಿಸಿದ್ದರು.

ಹಕ್ಕಿಗಳ ಅಧ್ಯಯನ

1906ರಲ್ಲಿ ಹಕ್ಕಿಯ ದೇಹರಚನೆ ಮತ್ತು ಅಂಗಗಳ ಕಾರ್ಯವನ್ನು ಕುರಿತ ಇವರ ಗ್ರಂಥ ಪ್ರಕಟವಾಯಿತು. 1908 ಮತ್ತು 1909ರಲ್ಲಿ ಪತ್ನಿ ಮೇರಿ ಬ್ಲೇರ್ ರೈಸ್ ಅವರೊಡನೆ ವೆನೆಜುವೆಲಾ ಮತ್ತು ಬ್ರಿಟಿಷ್ ಗಯಾನಾಗಳಲ್ಲಿ ಸಂಚರಿಸಿ, ಹೊವಾಟ್ಸಿನ್ ಎಂಬ ವಿಚಿತ್ರ ಹಕ್ಕಿಯನ್ನು ಅವಲೋಕಿಸಿದರು. ಈ ಹಕ್ಕಿಯ ಮರಿಗಳಿಗೆ ರೆಕ್ಕೆಯಲ್ಲಿ ಉಗುರುಗಳಿರುತ್ತವೆ. ಅವುಗಳ ಆಸರೆಯಿಂದ ಮರಿಗಳು ಕೊಂಬೆ ಹಿಡಿದು ಹತ್ತುತ್ತವೆ. ಮರಿಯ ಮೈಯಲ್ಲಿ ಪೂರ್ವಜರ ಕುರುಹನ್ನು ಅರಸುವ ಬೀಬಿಯವರ ದೃಷ್ಟಿಗೆ ಇಂತಹ ಹಕ್ಕಿ ಸಹಜವಾಗಿಯೇ ಪ್ರಿಯವಾಯಿತು.

1909ರ ಕೊನೆಯಲ್ಲಿ ದಂಪತಿಗಳು ಫೆಸೆಂಟ್ ಹಕ್ಕಿಗಳ ಅಧ್ಯಯನಕ್ಕಾಗಿ ಏಷ್ಯಾದ ಕಡೆ ಹೊರಟರು. ನಮ್ಮ ನವಿಲು ಮತ್ತು ಕಾಡುಕೋಳಿಗಳೂ ಇದೇ ಬಳಗಕ್ಕೆ ಸೇರಿದವು. ಸಿಂಹಳ, ಭಾರತ, ಬರ್ಮಾ, ಚೀನಾ, ಮಲಯ, ಬೋರ್ನಿಯೊ, ಜಪಾನ್‌ಗಳನ್ನು ಒಳಗೊಂಡ ಈ ಪ್ರವಾಸ ಸುಮಾರು ಹದಿನೇಳು ತಿಂಗಳು ನಡೆಯಿತು. ಅದರ ಫಲವಾದ ನಾಲ್ಕು ಸಂಪುಟಗಳು ಮಹಾಯುದ್ಧದ ಕಾರಣ ತಡವಾಗಿ 1918ರಿಂದ 1922ರ ಅವಧಿಯಲ್ಲಿ ಹೊರಬಂದವು. ಅಷ್ಟರಲ್ಲಿ, 1913ರಲ್ಲಿಯೇ, ದಾಂಪತ್ಯ ಮುರಿದುಬಿದ್ದಿತ್ತು.

ನಾಲ್ಕು ರೆಕ್ಕೆಗಳ ಪೂರ್ವಜ

ಹಕ್ಕಿಗಳು ಹಾರಲು ಕಲಿತ ಬಗೆಯನ್ನು ಕುರಿತು ಆ ಕಾಲದಲ್ಲಿ ಎರಡು ಪಕ್ಷಗಳಿದ್ದವು. ಅವು ಮರದಿಂದ ಕೆಳಕ್ಕೆ ತೇಲುತ್ತ ಹಾರಾಟ ಕಲಿತವೆಂದು ಓ. ಸಿ. ಮಾರ್ಷ್ ಮೊದಲಾದವರು ಹೇಳಿದ್ದರು. ನೆಲದಲ್ಲಿ ಓಡುತ್ತ ತೋಳು ಬೀಸಿ ಮೇಲೇರಿದವೆಂದು ಹಂಗೇರಿಯ ಫ್ರಾಂಟ್ಸ್ ನೋಪ್ಚಾ 1907ರಲ್ಲಿ ವಾದಿಸಿದರು. ಬೀಬಿ ಮೊದಲ ಪಕ್ಷದವರು.

ನಾಲ್ಕು ದಿನಗಳ ವಯಸ್ಸಿನ ಬಿಳಿರೆಕ್ಕೆಯ ಬೆಳವದ ಮರಿಯೊಂದನ್ನು ಪರೀಕ್ಷಿಸುತ್ತಿದ್ದಾಗ, ಅದರ ತೊಡೆಯ ಮೇಲ್ಭಾಗದಲ್ಲಿ ಸಾಲಾಗಿ ಮೂಡುತ್ತಿದ್ದ ಗರಿಮೊಳಕೆಗಳು ಅವರ ಕಣ್ಣಿಗೆ ಬಿದ್ದವು. ಆ ಸಾಲು ರೆಕ್ಕೆಯ ಹಾರುಗರಿಗಳ ಜೋಡಣೆಯನ್ನು ಹೋಲುತ್ತಿತ್ತು. ಬೇರೆ ಕೆಲವು ಜಾತಿಗಳ ಮರಿಗಳಲ್ಲಿಯೂ ಅಂತಹದೇ ಗುರುತುಗಳು ಕಂಡಂತಾಯಿತು. ಬಳಿಕ ಅವರು ಸುಮಾರು 15 ಕೋಟಿ ವರ್ಷಗಳಷ್ಟು ಹಳೆಯ ಆದಿಪಕ್ಷಿ ಆರ್ಕಿಯಾಪ್ಟೆರಿಕ್ಸ್‌ನ ಬರ್ಲಿನ್ ಪಳೆಯುಳಿಕೆಯತ್ತ ತಿರುಗಿದರು. ಅದರ ಕಾಲಿನ ಭಾಗದಲ್ಲಿಯೂ ಗರಿಗಳ ಅಚ್ಚು ಇತ್ತು. ಈ ಎರಡನ್ನೂ ಜೋಡಿಸಿ, ತೋಳುಗಳಲ್ಲಿ ಒಂದು ಜೊತೆ, ತೊಡೆಗಳಲ್ಲಿ ಇನ್ನೊಂದು ಜೊತೆ ರೆಕ್ಕೆಗಳಿದ್ದ ಪೂರ್ವಜನೊಂದನ್ನು ಅವರು ಕಲ್ಪಿಸಿದರು. ಚತುಷ್ಪಕ್ಷಿ ಎಂಬರ್ಥದ ಟೆಟ್ರಾಪ್ಟೆರಿಕ್ಸ್ ಎಂದು ಅದಕ್ಕೆ ಹೆಸರಿಟ್ಟು, 1915ರಲ್ಲಿ ನ್ಯೂಯಾರ್ಕ್ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟಿಸಿದರು. ಮುಂದಿನ ರೆಕ್ಕೆಗಳೂ ಬಾಲವೂ ಬಲಗೊಂಡಂತೆ ಹಿಂದಿನ ಜೊತೆ ಕ್ಷೀಣಿಸಿತೆಂಬುದು ಅವರ ವಿವರಣೆ.

ಈ ಬಗೆಯ ತೇಲುವಿಕೆಯ ಕಲ್ಪನೆ ಕನ್ನಡ ಓದುಗರಿಗೆ ಅಪರಿಚಿತವಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ ಕಾದಂಬರಿಯಿಂದ ಮನೆಮಾತಾದ ಮಲೆನಾಡಿನ ಹಾರುವ ಓತಿ ಮರದಿಂದ ಮರಕ್ಕೆ ಹೀಗೆಯೇ ತೇಲಿ ಹೋಗುತ್ತದೆ. ಆದರೆ ಅದನ್ನು ಹೊರುವುದು ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ. ಅದಕ್ಕೂ ಹಕ್ಕಿಗಳಿಗೂ ನಿಕಟ ಸಂಬಂಧವಿಲ್ಲ.

ಡೆನ್ಮಾರ್ಕಿನ ಚಿತ್ರಕಾರ ಹಾಗೂ ಸಂಶೋಧಕ ಗೆರ್ಹಾರ್ಡ್ ಹೈಲ್ಮನ್ ಬೀಬಿಯವರ ಊಹೆಯನ್ನು ಒಪ್ಪಲಿಲ್ಲ. ತಾವು ಪರೀಕ್ಷಿಸಿದ ಮರಿಗಳಲ್ಲಿ ಹಿಂರೆಕ್ಕೆಯ ಕುರುಹಿಲ್ಲವೆಂದರು. ಹಕ್ಕಿಗಳ ಉಗಮವನ್ನು ಕುರಿತ ಅವರ ಗ್ರಂಥ 1926ರಲ್ಲಿ ಇಂಗ್ಲಿಷಿನಲ್ಲಿ ಬಂದು ದಶಕಗಳ ಕಾಲ ಪ್ರಮಾಣವಾಗಿ ನಿಂತಿತು. ಹಕ್ಕಿಗಳಲ್ಲಿರುವ ಕೊರಳೆಲುಬು ಡೈನೋಸಾರ್‌ಗಳಲ್ಲಿ ಇಲ್ಲವೆಂಬ ಕಾರಣದಿಂದ, ಹಕ್ಕಿಗಳು ಡೈನೋಸಾರ್ ವಂಶದವಲ್ಲ ಎಂಬ ತೀರ್ಮಾನವೂ ಅದೇ ಗ್ರಂಥದ್ದು. ಮುಂದೆ ಡೈನೋಸಾರ್‌ಗಳಲ್ಲಿ ಕೊರಳೆಲುಬು ಸಿಕ್ಕಿತು. ಆದರೆ ಆ ಗ್ರಂಥದ ಗೌರವದಲ್ಲಿ ಎರಡು ತೀರ್ಪುಗಳೂ ಬಹುಕಾಲ ಉಳಿದವು.

ಕಾಡು ಮತ್ತು ಕಡಲು

1916ರಲ್ಲಿ ಬೀಬಿ ಬ್ರಿಟಿಷ್ ಗಯಾನಾದಲ್ಲಿ ಉಷ್ಣವಲಯದ ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ತಮ್ಮ ತಂಡಗಳಿಗೆ ಮಹಿಳೆಯರನ್ನು ಮುಕ್ತವಾಗಿ ಸೇರಿಸಿಕೊಂಡದ್ದು ಆ ಕಾಲಕ್ಕೆ ಅಪರೂಪ. ಜೋಸೆಲಿನ್ ಕ್ರೇನ್ ಮತ್ತು ಗ್ಲೋರಿಯಾ ಹಾಲಿಸ್ಟರ್ ಹೀಗೆ ಬಂದು ಸ್ವಂತ ಹೆಸರು ಗಳಿಸಿದರು. 1923ರಲ್ಲಿ ಗ್ಯಾಲಪಗೋಸ್ ದ್ವೀಪಗಳ ಯಾತ್ರೆಯ ನಂತರ ಅವರ ಆಸಕ್ತಿ ಕಡಲಿನತ್ತ ಹೊರಳಿತು.

ಆಟಿಸ್ ಬಾರ್ಟನ್ ಎಂಬ ಎಂಜಿನಿಯರ್ ಸಿದ್ಧಪಡಿಸಿದ ಬಾತಿಸ್ಫಿಯರ್ ಎಂಬ ಉಕ್ಕಿನ ಗೋಳದ ವ್ಯಾಸ ಐದಡಿಗೂ ಕಡಿಮೆ. ಅದರೊಳಗೆ ಇಬ್ಬರೂ ಮುದುಡಿ ಕುಳಿತು, ಹಡಗಿನಿಂದ ಇಳಿಬಿಟ್ಟ ಉಕ್ಕಿನ ಹಗ್ಗವನ್ನೇ ನಂಬಿ ಬರ್ಮುಡಾದ ಕಡಲಿಗೆ ಇಳಿದರು. 15 ಆಗಸ್ಟ್ 1934ರಂದು ಅವರು ತಲುಪಿದ ಆಳ 3,028 ಅಡಿ, ಅಂದರೆ 923 ಮೀಟರ್. ಗಾಜುಗಂಡಿಯಿಂದ ಕಂಡ ಕೆಲವು ಮೀನುಗಳಿಗೆ, ಮಾದರಿಯೊಂದೂ ಕೈಯಲ್ಲಿಲ್ಲದೆ, ಬೀಬಿ ವೈಜ್ಞಾನಿಕ ಹೆಸರು ಕೊಟ್ಟರು. ಇದನ್ನು ಮೀನುಶಾಸ್ತ್ರಜ್ಞರು ಟೀಕಿಸಿದರು; ಆ ಟೀಕೆ ನ್ಯಾಯವಾದದ್ದೇ.

ಅವರ ಕೊನೆಯ ಕಾರ್ಯಕ್ಷೇತ್ರ ಟ್ರಿನಿಡಾಡ್‌ನ ಅರಿಮಾ ಕಣಿವೆ. ಅಲ್ಲಿನ ಕೇಂದ್ರಕ್ಕೆ ನಮ್ಮ ದೇಶದ ಗಿರಿಧಾಮದ ಹೆಸರೇ, ಸಿಮ್ಲಾ. 1962ರಲ್ಲಿ ನ್ಯುಮೋನಿಯಾದಿಂದ ಅಲ್ಲಿಯೇ ನಿಧನರಾದರು.

ಮರಣಾನಂತರ

1960ರ ದಶಕದ ಕೊನೆಯಿಂದ ಜಾನ್ ಆಸ್ಟ್ರಮ್ ಅವರ ಅಧ್ಯಯನಗಳು ಹಕ್ಕಿಗಳು ಮತ್ತು ಡೈನೋಸಾರ್‌ಗಳ ನಂಟನ್ನು ಮತ್ತೆ ಎತ್ತಿಹಿಡಿದವು. 1996ರಿಂದ ಚೀನಾದ ಲಿಯಾವೊನಿಂಗ್ ಪ್ರಾಂತದಲ್ಲಿ ಗರಿ, ತುಪ್ಪುಳಗಳ ಗುರುತುಳ್ಳ ಡೈನೋಸಾರ್‌ಗಳು ಒಂದರ ಹಿಂದೊಂದು ಬೆಳಕಿಗೆ ಬಂದವು. 1999ರಲ್ಲಿ ಹಕ್ಕಿ ಮತ್ತು ಡೈನೋಸಾರ್‌ಗಳ ನಡುವಿನ ಕೊಂಡಿಯೆಂದು ಭಾರೀ ಪ್ರಚಾರ ಪಡೆದ ಆರ್ಕಿಯೊರ್‍ಯಾಪ್ಟರ್ ಬೇರೆ ಬೇರೆ ತುಂಡುಗಳನ್ನು ಅಂಟಿಸಿ ಮಾಡಿದ ನಕಲಿಯೆಂದು ಬಯಲಾಯಿತು. ಅದರ ಬಾಲದ ನಿಜವಾದ ಒಡೆಯನಾದ ಪುಟ್ಟ ಡೈನೋಸಾರಿಗೆ 2000ರಲ್ಲಿ ಮೈಕ್ರೋರ್‍ಯಾಪ್ಟರ್ ಎಂಬ ಹೆಸರು ಬಂದಿತು.

ಇದೇ ಕುಲದ ಇನ್ನೊಂದು ಮಾದರಿಯನ್ನು ಷೂ ಷಿಂಗ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಉದ್ದ ಸುಮಾರು 77 ಸೆಂಟಿಮೀಟರ್; ತೋಳುಗಳಲ್ಲಿಯೂ ಕಾಲುಗಳಲ್ಲಿಯೂ ಉದ್ದನೆಯ ಹಾರುಗರಿಗಳು. ಬೀಬಿಯವರ ಚಿತ್ರಕ್ಕೂ ಇದಕ್ಕೂ ಇದ್ದ ಹೋಲಿಕೆಯನ್ನು ಹಲವರು ಗುರುತಿಸಿದರು. ಹೋಲಿಕೆ ಪೂರ್ಣವಲ್ಲ. ಬೀಬಿ ಹಿಂರೆಕ್ಕೆಯನ್ನು ತೊಡೆಯಲ್ಲಿ ಇಟ್ಟಿದ್ದರೆ, ಮೈಕ್ರೋರ್‍ಯಾಪ್ಟರ್‌ನ ಅತಿ ಉದ್ದದ ಗರಿಗಳಿರುವುದು ಪಾದದ ಭಾಗದಲ್ಲಿ. ಸುಮಾರು 12 ಕೋಟಿ ವರ್ಷಗಳ ಹಿಂದಿನ ಈ ಜೀವಿ ಆರ್ಕಿಯಾಪ್ಟೆರಿಕ್ಸ್‌ಗಿಂತ ಕಿರಿಯದಾದುದರಿಂದ ಹಕ್ಕಿಗಳಿಗೆ ದಾಯಾದಿಯಾದೀತೇ ಹೊರತು ಅಜ್ಜನಾಗಲಾರದು. ಆರ್ಕಿಯಾಪ್ಟೆರಿಕ್ಸ್‌ಗಿಂತ ಹಳೆಯದಾದ ಆಂಕಿಯಾರ್ನಿಸ್‌ನ ಕಾಲುಗಳಲ್ಲಿಯೂ ಗರಿಗಳಿರುವುದು 2009ರಲ್ಲಿ ತಿಳಿದಾಗ, ನಾಲ್ಕು ರೆಕ್ಕೆಗಳ ಹಂತವೊಂದು ನಿಜಕ್ಕೂ ಇದ್ದಿರಬೇಕೆಂಬ ವಾದಕ್ಕೆ ಬಲ ಬಂದಿತು.

ಆ ಕಾಲುಗಳ ಬಳಕೆಯ ಬಗ್ಗೆ ಇನ್ನೂ ಒಮ್ಮತವಿಲ್ಲ. ಸೊಂಟದ ಕೀಲಿನ ರಚನೆಯನ್ನು ನೋಡಿದರೆ ಕಾಲುಗಳನ್ನು ಪಕ್ಕಕ್ಕೆ ಪೂರ್ತಿ ಚಾಚುವುದು ಕಷ್ಟವಾಗಿತ್ತು. ಮೈಕ್ರೋರ್‍ಯಾಪ್ಟರ್ ಕಾಲುಗಳನ್ನು ದೇಹದ ಕೆಳಗೆ ಹಿಡಿದು, ಹಳೆಯ ಎರಡಂತಸ್ತಿನ ರೆಕ್ಕೆಗಳ ವಿಮಾನದಂತೆ ತೇಲುತ್ತಿತ್ತೆಂದು ಭಾರತ ಮೂಲದ ಪ್ರಾಗ್ಜೀವಿ ವಿಜ್ಞಾನಿ ಶಂಕರ್ ಚಟರ್ಜಿಯವರು ಆರ್. ಜ್ಯಾಕ್ ಟೆಂಪ್ಲಿನ್ ಅವರೊಡನೆ 2007ರಲ್ಲಿ ಸೂಚಿಸಿದರು. 2014ರಲ್ಲಿ ವರದಿಯಾದ ಆರ್ಕಿಯಾಪ್ಟೆರಿಕ್ಸ್‌ನ ಹನ್ನೊಂದನೆಯ ಮಾದರಿಯಲ್ಲಿಯೂ ಕಾಲಿನ ಗರಿಗಳು ಸ್ಪಷ್ಟವಾಗಿವೆ. ಅದನ್ನು ಅಧ್ಯಯನ ಮಾಡಿದವರು, ಇಂತಹ ಗರಿಗಳು ಮೊದಲು ಮೂಡಿದ್ದು ಹಾರಾಟಕ್ಕಾಗಿ ಅಲ್ಲ, ಬಹುಶಃ ಪ್ರದರ್ಶನಕ್ಕಾಗಿ ಎಂಬ ಅಭಿಪ್ರಾಯಕ್ಕೆ ಬಂದಿದ್ದಾರೆ.